ಪಿಯಾನೋಗೆ ಆಯುಧಪೂಜೆ

ಸಂಗೀತ ಅಂದರೆ ನನಗೆ ಮೊದಲಿಂದಲೂ ಆಗದು. ಹೇಳುವುದನ್ನು ನೇರವಾಗಿ ಹೇಳಿ ಮುಗಿಸುವವನು ನಾನು. ಒಂದೇ ಮಾತನ್ನು ಎಳೆದು, ತಿರುವಿ, ಮತ್ತೆ ಮೊದಲಿಗೇ ಬಂದರೆ ಎದ್ದು ಹೋಗುತ್ತೇನೆ. ಅಂಥವನ ತಲೆಯ ಮೇಲೆ, ಅಂದರೆ ಗಂಗಾನಗರದ ನಮ್ಮ ಮನೆಯ ಮೊದಲ ಮಹಡಿಗೆ, ಪಿಯಾನೋ ಬಾರಿಸುವ ಬಾಡಿಗೆದಾರರು ಬರಬೇಕೆ? ಬಂದರು. ಅವರಿಗಿಂತ ಮೊದಲು ಪಿಯಾನೋ ಬಂತು. ಅದನ್ನು ಮೆಟ್ಟಿಲು ಹತ್ತಿಸಿದ್ದು ನಾನು ಮತ್ತು ನನ್ನ ಜೊತೆ ಟೆಂಪೋ ಓಡಿಸುವ ಸೀನ. ಬೀರುವಿನಂಥ ಪೆಟ್ಟಿಗೆ, ಆನೆಯ ಭಾರ. ಸೊಂಟ ಸರಿಹೋಗಲು ಒಂದು ವಾರ ಬೇಕಾಯಿತು.

ಅವರ ಹೆಸರು ಸುಮತಿ, ನಮಗೆಲ್ಲ ಮೇಡಂ. ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದವರು, ಅಪ್ಪನದು ಲೇತ್ ಕೆಲಸ. ಹತ್ತಿರದ ಚರ್ಚಿನಲ್ಲಿ ಮೂಲೆ ಹಿಡಿದಿದ್ದ ಪಿಯಾನೋ ಮೇಲೆ ಚಿಕ್ಕವರಿದ್ದಾಗ ಕೈ ಇಟ್ಟವರು ಮತ್ತೆ ತೆಗೆಯಲಿಲ್ಲವಂತೆ. ಪರೀಕ್ಷೆ ಮೇಲೆ ಪರೀಕ್ಷೆ ಪಾಸು ಮಾಡಿದರು. ದೊಡ್ಡ ಹೋಟೆಲಿನ ಲಾಬಿಯಲ್ಲಿ ವರ್ಷಗಟ್ಟಲೆ ಬಾರಿಸಿದರು. "ಅಲ್ಲಿ ಚಪ್ಪಾಳೆ ಬಿದ್ರೆ ಅದು ವೇಟರ್ ಕರೆಯೋಕೆ ಕಣೋ, ನಂಗಲ್ಲ," ಅಂತ ನಗುತ್ತಿದ್ದರು. ಆಮೇಲೆ ಆರ್.ಟಿ. ನಗರದ ಮಕ್ಕಳಿಗೆ ಪಾಠ. ಮಕ್ಕಳು ಹೋದ ಮೇಲೆ ತಮ್ಮದೇ ರಚನೆ. ಬೇರೆಯವರದನ್ನು ಬಾರಿಸಿದರೆ ಹೊಟ್ಟೆ ತುಂಬುತ್ತದೆ, ತಮ್ಮದನ್ನು ಬಾರಿಸಿದರೆ ಯಾರೂ ಕೇಳುವುದಿಲ್ಲ. ನನಗೆ ತಿಳಿದಂತೆ ಅವರ ಜೀವನ ಇಷ್ಟೇ.

ಒಂದು ಆಯುಧಪೂಜೆಯ ದಿನ ಅದು ಬದಲಾಗುವ ಹಾಗಾಯಿತು. ಯಾವುದೋ ಸಂಗೀತ ಸಭೆಯ ಮೂವರು ಐದು ಗಂಟೆಗೆ ಮನೆಗೇ ಬಂದು ಅವರ ರಚನೆ ಕೇಳುವವರಿದ್ದರು. ಒಪ್ಪಿದರೆ ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ. ಸಂಗೀತ ನನ್ನದಲ್ಲ, ಕಾರ್ಯಕ್ರಮವೂ ನನ್ನದಲ್ಲ. ಆದರೂ ಅವತ್ತು ಬೆಳಿಗ್ಗೆಯಿಂದ ಕ್ರಿಕೆಟ್ ಫೈನಲ್ ಇದ್ದವನ ಹಾಗೆ ಕೆಳಗೆ ಮೇಲೆ ಓಡಾಡುತ್ತಿದ್ದೆ.

ನಾಲ್ಕೂವರೆ ಹೊತ್ತಿಗೆ ನಮ್ಮ ಅಜ್ಜಿ ಆರತಿ ತಟ್ಟೆ ಹಿಡಿದು ಮಹಡಿ ಹತ್ತಿದಳು. ಈ ಬಿಲ್ಡಿಂಗ್ ನಿಂತಿರುವ ಜಾಗದಲ್ಲಿ ರಾಗಿ ಬೆಳೆದವಳು ಅವಳು. ಬಾಡಿಗೆದಾರರೂ ತನ್ನ ಪೈರೇ ಅಂದುಕೊಂಡಿದ್ದಾಳೆ. ಟೆಂಪೋ, ಬೋರ್‌ವೆಲ್ ಮೋಟರು, ಮಿಕ್ಸಿ ಎಲ್ಲಕ್ಕೂ ಪೂಜೆ ಮುಗಿದಿತ್ತು.

"ನಿಂಗೆ ಅನ್ನ ಆಕೋದು ಇದೇ ಅಲ್ವೇನವ್ವ?" ಅಂದವಳೇ ಪಿಯಾನೋಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದಳು. ಮೇಡಂ ಖುಷಿಯಾಗಿ ಕೈ ಮುಗಿದರು. ಆಗ ಅಜ್ಜಿ, "ಪೂಜೆಗಿಕ್ಕಿದ್ದಾಯ್ತು. ನಾಳೆ ಬೆಳಿಗ್ಗೆ ತಂಕ ಮುಟ್ಬ್ಯಾಡ," ಅಂದಳು.

ಮೇಡಂ ಮುಖ ಬಿಳಚಿಕೊಂಡಿತು. "ಅಜ್ಜಿ, ಐದು ಗಂಟೆಗೆ ಬರ್ತಾರೆ!"

"ನಾಳೆ ಬರಾಕೇಳು."

"ನಾಳೆ ಅವರು ಊರಲ್ಲಿರಲ್ಲ."

"ಸರಸ್ವತಿ ಇರ್ತಾಳೆ," ಅಂದು ಅಜ್ಜಿ ಬಾಗಿಲಲ್ಲೇ ಕಾಲು ಚಾಚಿ ಕೂತಳು.

ಮೇಡಂ ಪಿಯಾನೋ ಮುಚ್ಚಳದ ಮೇಲೆ ಕೈ ಇಡಲೂ ಆಗದೆ, ತೆಗೆಯಲೂ ಆಗದೆ ನಿಂತರು. ನನಗೆ ರೇಗಿತು. "ಅಲ್ಲ ಅಜ್ಜಿ, ಟೆಂಪೋಗೂ ಪೂಜೆ ಮಾಡ್ದೆ. ಅದನ್ನ ಆಗ್ಲೇ ನಿಂಬೆಹಣ್ ಮೇಲೆ ಓಡಿಸ್ಲಿಲ್ವಾ?"

"ಅದು ಗಾಡಿ ಕಣ್ಲಾ. ಚಕ್ರ ಐತೆ, ಓಡಿಸ್ಲೇಬೇಕು."

"ಹಂಗಾದ್ರೆ ಇದನ್ನೂ ಬಗ್ಗಿ ನೋಡು."

ಅಜ್ಜಿ ಮಂಡಿ ಹಿಡಿದು ಬಗ್ಗಿದಳು. ಪಿಯಾನೋ ಕೆಳಗೆ ನಾಲ್ಕು ಪುಟ್ಟ ಹಿತ್ತಾಳೆ ಚಕ್ರ! ಶಾಲೆಯಲ್ಲಿ ಒಂದು ದಿನವೂ ಸರಿಯುತ್ತರ ಕೊಡದ ನಾನು ಉಸಿರು ಹಿಡಿದು ನಿಂತೆ. ಅಜ್ಜಿ ಎದ್ದು, "ನಿಂಬೆಹಣ್ ತಕಂಬಾ," ಅಂದಳು.

ಕೆಳಗಿದ್ದ ಸೀನ ನಿಂಬೆಹಣ್ಣು ತಂದು ಚಕ್ರಕ್ಕೊಂದರಂತೆ ಇಟ್ಟ. ಅವನು ಮುಂದಿನಿಂದ ಎಳೆಯುವುದು, ನಾನು ಗೋಡೆಯ ಸಂದಿಗೆ ನುಗ್ಗಿ ಹಿಂದಿನಿಂದ ತಳ್ಳುವುದು ಅಂತಾಯಿತು. "ಎಳಿ ಮಗಾ!" ಅಂದೆ. ಪಿಯಾನೋ ಗುಡುಗಿಕೊಂಡು ಹೊರಟು ನಿಂಬೆಹಣ್ಣನ್ನೆಲ್ಲ ಅಪ್ಪಚ್ಚಿ ಮಾಡಿತು. ಅಜ್ಜಿ ಕೈ ಮುಗಿದಳು, ಮೇಡಂ ಕುಣಿದೇಬಿಟ್ಟರು, ಸೀನ ವಿಷಲ್ ಹೊಡೆಯಲು ಕೈ ಬಿಟ್ಟ. ಹಬ್ಬಕ್ಕೆ ತೊಳೆದ ನೆಲ, ಗೋಡೆ ಕಡೆಗೆ ಸ್ವಲ್ಪ ಇಳಿಜಾರು, ಮೇಲೆ ನಿಂಬೆರಸ. ಪಿಯಾನೋ ಜಾರಿಕೊಂಡು ವಾಪಸ್ ಬಂತು. ನನ್ನ ಬೆನ್ನಿಗೆ ಗೋಡೆ, ಎದೆಗೆ ಪಿಯಾನೋ. ಸಿಪ್ಪೆ ಸಿಕ್ಕಿಕೊಂಡು ಚಕ್ರ ಅಲ್ಲಾಡಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು.

"ಅಲ್ಲೇ ಇರೋ, ಕೆಮ್ಮಬೇಡ," ಅಂದರು ಮೇಡಂ.

ಬಂದವರು ಕೂತರು. ಮೇಡಂ ಶುರು ಮಾಡಿದರು. ಕಿವಿಗೆ ಬರುವ ಮೊದಲೇ ಅದು ನನ್ನ ಪಕ್ಕೆಲುಬಿಗೆ ಬಂತು. ಮಂದ್ರದ ಏಟಿಗೆ ಹೊಟ್ಟೆ ನಡುಗಿತು, ಸಣ್ಣ ಸ್ವರಗಳಿಗೆ ಹಲ್ಲು ಜುಮ್ಮೆಂದವು. ಎಳೆದರು, ತಿರುವಿದರು, ಮತ್ತೆ ಮೊದಲಿಗೆ ಬಂದರು. ಎದ್ದು ಹೋಗುವುದು ಹೇಗೆ? ಹೋಗಬೇಕು ಅಂತಲೂ ಅನ್ನಿಸಲಿಲ್ಲ. ಮುಗಿಯಿತು. ಬಂದವರಲ್ಲಿ ಒಬ್ಬ ಹಿರಿಯರು ಡೈರಿ ತೆಗೆದು, "ಯಾವ ತಿಂಗಳು ಇಟ್ಕೊಳ್ಳೋಣ ಮೇಡಂ?" ಅಂದರು.

"ಇನ್ನೊಂದ್ ಸಲ ಬಾರ್ಸಿ ಮೇಡಂ!" ಅಂತ ಪಿಯಾನೋ ಹಿಂದಿನಿಂದ ಕೂಗಿದೆ. ಬಂದವರು ಬೆಚ್ಚಿಬಿದ್ದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಎಳೆಯಲು ಬಂದ ಸೀನನನ್ನು ತಡೆದು, ಮೇಡಂ ಮೊದಲಿಂದ ಶುರು ಮಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಎರಡೂ ಕಾಲು ಜೋಮು ಹಿಡಿದು, ಮೂಗು ಕೆರೆಯಲು ಶುರುವಾಗಿ, ಕೈ ಎತ್ತಲೂ ಜಾಗವಿಲ್ಲದೆ ಯಾವಾಗ ಮುಗಿಯುತ್ತದಪ್ಪಾ ಅನ್ನಿಸಿತು. ಆದರೆ ಹೇಳುವ ಹಾಗಿರಲಿಲ್ಲ. ಬೇಕು ಅಂತ ಕೂಗಿದವನು ನಾನೇ.