ಅಪ್ಪಣೆ ಪಡೆದ ನಕಲು

ಚಳಿ ಮುಗಿಯುತ್ತ ಬಂದ ಕಾಲ, ಬುಧವಾರ, ಬೆಳಿಗ್ಗೆ ಏಳು ಗಂಟೆ. ಕೆಳಮನೆಯ ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಮೆಟ್ಟಿಲು ಹತ್ತದೆ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಕನ್ನಡಕ ಮಾಡಿಕೊಟ್ಟವನು ಮೇಲ್ಮನೆಯವನೇ. ಕನ್ನಡಕದಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಗಾಜು ಉಜ್ಜುವ ಕೆಲಸ ಅವನದು. ಸಂಜೆ ಮನೆಗೆ ಬಂದರೆ ಬಾಸ್ ಗಿಟಾರು. ಹಾಡುವವರು ಮುಂದೆ ನಿಂತು ಚಪ್ಪಾಳೆ ತೆಗೆದುಕೊಳ್ಳುವಾಗ, ಹಿಂದೆ ಗೋಡೆಗೆ ಒರಗಿ ನಾಲ್ಕು ದಪ್ಪ ತಂತಿಗಳಲ್ಲಿ ಢುಂ ಢುಂ ಎಂದು ಹಾಡಿಗೆ ನೆಲ ಹಾಕಿಕೊಡುವ ವಾದ್ಯ ಅದು. ಬೀದಿಯಲ್ಲಿ ಅವನಿಗೆ ದಪ್ಪತಂತಿ ಎಂದೇ ಹೆಸರು. ಮನುಷ್ಯ ಮಾತ್ರ ಕೊಡೆಯ ಕಡ್ಡಿಯ ಹಾಗೆ ಸಣಕಲು.

ಆ ದಿನ ನಾಲ್ಕು ಗಂಟೆಗೆ ಅವನಿಗೆ ಪರೀಕ್ಷೆಯಿತ್ತು. ಪ್ರಯಾಣಿಕರ ಹಡಗಿನ ಬ್ಯಾಂಡಿಗೆ ಬಾಸ್ ನುಡಿಸುವವನು ಬೇಕಾಗಿದ್ದ. ವರ್ಷದ ಕೆಲಸ, ಹಡಗು ಗುರುವಾರ ಹೊರಡುವುದು. ದಪ್ಪತಂತಿ ಮಂಗಳವಾರವೇ ಅಂಗಡಿಯ ಯಜಮಾನನಿಗೆ, "ಇನ್ನು ಬೇರೆಯವರನ್ನ ನೋಡ್ಕೊಳ್ಳಿ" ಎಂದು ಗತ್ತಿನಿಂದ ಹೇಳಿ ಬಂದಿದ್ದ.

ಅತ್ತೆ ಗಿಟಾರಿನ ತಲೆಯ, ಅಂದರೆ ತಂತಿ ಬಿಗಿಯುವ ತುದಿಯ, ಹತ್ತಿರ ಮೂಗು ತಂದು ಓದಿದಳು.

"ಇಲ್ಲೇನೋ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿದೆಯಲ್ಲೋ. 'ದೊಡ್ಡ ಕಂಪನಿಯವರ ಅಪ್ಪಣೆ ಪಡೆದು ಮಾಡಿದ್ದು' ಅಂತ. ಹಾಗಂದ್ರೆ ಇದು ಅಸಲಿ ಅಲ್ವಾ?"

"ಅಸಲಿ ಥರಾನೇ ಅತ್ತೆ. ಆಕಾರ ಅದೇ, ಅಳತೆ ಅದೇ. ಮರ ಸ್ವಲ್ಪ ಅಗ್ಗದ್ದು, ಕಾರ್ಖಾನೆ ಬೇರೆ. ಅವರೇ ಒಪ್ಪಿ ಮಾಡಿಸಿದ್ದು."

"ಥರಾನೇ ಅಂದ್ರೆ ಅಲ್ಲ ಅಂತಾನೇ ಆಯ್ತಲ್ಲಪ್ಪ. ಹಡಗಿನೋರಿಗೆ ಕಣ್ಣು ಕಾಣಲ್ವಾ? ನಾನೇ ಓದಿದೆ, ಅದೂ ನೀನು ಕೊಟ್ಟ ಕನ್ನಡಕದಲ್ಲೇ."

ಅಷ್ಟು ಹೇಳಿ ಅತ್ತೆ ಕೆಳಗಿಳಿದಳು. ಮಾತು ಮಾತ್ರ ಮೇಲೆಯೇ ಉಳಿಯಿತು. ಹತ್ತು ಗಂಟೆಯವರೆಗೆ ದಪ್ಪತಂತಿ ಆ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿದ, ತೆಗೆದು ನೋಡಿದ. ಹೆಬ್ಬೆರಳು ಅಲ್ಲಿಟ್ಟುಕೊಂಡರೆ ನುಡಿಸಲಾಗದು. ಕೊನೆಗೆ ಎದುರುಮನೆಯ ಬೋರ್ಡಣ್ಣನ ಬಾಗಿಲು ತಟ್ಟಿದ.

ಬೋರ್ಡಣ್ಣ ಅಂಗಡಿಗಳ ಬೋರ್ಡು ಬರೆಯುವವನು. ಈಗ ಎಲ್ಲ ಬೋರ್ಡೂ ಯಂತ್ರದಲ್ಲೇ ಮುದ್ರಣವಾಗಿ ಬರುವುದರಿಂದ ಕುಂಚಗಳನ್ನು ತೊಳೆದು ಒಣಗಿಸಿ, ಮತ್ತೆ ತೊಳೆಯುತ್ತ ಕೂತಿರುತ್ತಿದ್ದ. ಅಸಲಿ ಗಿಟಾರಿನ ಚಿತ್ರ ತೋರಿಸಿದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು.

"ತಲೆಗೆ ಪೂರ್ತಿ ಕಪ್ಪು ಹೊಡೆದು, ಮೇಲೆ ಚಿನ್ನದ ಬಣ್ಣದಲ್ಲಿ ದೊಡ್ಡ ಕಂಪನಿ ಹೆಸರು. ಅಷ್ಟೇ ತಾನೆ? ಹೆತ್ತ ತಾಯಿಗೂ ಗೊತ್ತಾಗಬಾರದು, ಹಂಗೆ ಬರೀತೀನಿ."

ದಪ್ಪತಂತಿಯ ಹೆಂಡತಿ ಕಿಟಕಿಯಿಂದಲೇ ಕೇಳಿದಳು: "ಬಣ್ಣ ಬಳಿದ್ರೆ ಸ್ವರ ಬದಲಾಗತ್ತೇನ್ರೀ?" ಬೋರ್ಡಣ್ಣ ಆಗಲೇ ಕಪ್ಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ.

ಅಕ್ಷರಗಳು ಬಂದವು, ಅಚ್ಚೊತ್ತಿದ ಹಾಗೆ ಬಂದವು. ಬಣ್ಣ ಮಾತ್ರ ಚಳಿಗೆ ಒಣಗಲೊಲ್ಲದು. ಅತ್ತೆ ಮೊರದಿಂದ ಗಾಳಿ ಹಾಕಿದಳು. ಬೋರ್ಡಣ್ಣ ಬಾಯಿಂದ ಊದಿದ. ಮೂರು ಗಂಟೆಗೆ ಬಸ್ಸು ಹತ್ತುವಾಗಲೂ ಅಂಟು ಅಂಟೇ. ಬೆಂಬಲಕ್ಕೆಂದು ಅತ್ತೆ, ಅಕ್ಷರಗಳ ಕಾವಲಿಗೆಂದು ಬೋರ್ಡಣ್ಣ, ಇಬ್ಬರೂ ಜೊತೆಗೆ ಹತ್ತಿದರು. ದಾರಿಯುದ್ದಕ್ಕೂ ಗಿಟಾರು ಕಿಟಕಿಯ ಹೊರಗೆ ಕತ್ತು ಚಾಚಿಕೊಂಡೇ ಇತ್ತು.

"ರೀ, ತಲೆ ಒಳಗೆ ತಗೊಳ್ಳಿ" ಎಂದ ಕಂಡಕ್ಟರ್.

"ನಂದಲ್ಲ ಸಾರ್, ಗಿಟಾರಿಂದು."

"ಯಾರದಾದ್ರೂ ಸರಿ. ಕಂಬಕ್ಕೆ ಹೊಡೆದ್ರೆ ನಾನು ಜವಾಬ್ದಾರನಲ್ಲ."

ಕಂಬಗಳೆಲ್ಲ ತಪ್ಪಿದವು. ಬಂದರು ಮುಟ್ಟುವಷ್ಟರಲ್ಲಿ ಬಣ್ಣವೂ ಒಣಗಿತು. "ಯಾರು ಕೇಳಿದ್ರೂ ಅಸಲಿ ಅಂತಾನೇ ಹೇಳ್ಬೇಕು" ಎಂದು ದಪ್ಪತಂತಿ ಇಬ್ಬರಿಂದಲೂ ಮಾತು ತೆಗೆದುಕೊಂಡ.

ನೀರಿನ ಮೇಲೆ ಹಲಗೆ ಹೊದಿಸಿ ಕಟ್ಟಿದ ಶೆಡ್ಡಿನಲ್ಲಿ ಹಡಗಿನ ಬ್ಯಾಂಡ್ ಮೇಷ್ಟ್ರು ಕೂತಿದ್ದರು. ಕಣ್ಣು ಮುಚ್ಚಿ ಎರಡು ಹಾಡು ಕೇಳಿದರು. ಮುಗಿದ ಮೇಲೆ, "ಬೆರಳು ಚೆನ್ನಾಗಿದೆ. ನೀವೇ ಬನ್ನಿ" ಎಂದರು.

ಆಮೇಲೆ ಕಣ್ಣು ಬಿಟ್ಟರು. ಗಿಟಾರಿನ ತಲೆ ನೋಡಿದರು.

"ಅಯ್ಯೋ, ಇದು ಅಸಲಿ. ಬೇಡಪ್ಪ."

"ಯಾಕೆ ಮೇಷ್ಟ್ರೇ?"

"ಉಪ್ಪುಗಾಳಿ. ಹೋದ ವರ್ಷ ಒಬ್ಬ ಇಂಥದ್ದೇ ತಂದ. ಮೂರು ತಿಂಗಳಿಗೆ ಅದರ ಕತ್ತು ಬಾಗಿತು. ವಾದ್ಯ ತಬ್ಬಿಕೊಂಡು ಅಳ್ತಾ ಮಲಗಿದ, ಎಬ್ಬಿಸೋಕೇ ಆಗ್ಲಿಲ್ಲ. ಅವತ್ತಿಂದ ಅಪ್ಪಣೆ ಪಡೆದ ನಕಲು ಇದ್ದವರನ್ನ ಮಾತ್ರ ಹತ್ತಿಸ್ಕೊಳ್ಳೋದು. ಹೋದ್ರೆ ಹೋಗ್ಲಿ ಅನ್ನೋ ಹಂಗಿರಬೇಕು."

ದಪ್ಪತಂತಿಗೆ ಹೋದ ಉಸಿರು ಬಂತು. "ಹಂಗಾದ್ರೆ ಇದೂ ನಕಲೇ, ಮೇಷ್ಟ್ರೇ."

"ಅವನ ಮಾತು ನಂಬಬೇಡಿ" ಎಂದಳು ಅತ್ತೆ. "ಸಂಕೋಚದ ಹುಡುಗ. ಅಪ್ಪಟ ಅಸಲಿ ಇದು. ನಾನೇ ಕನ್ನಡಕ ಹಾಕ್ಕೊಂಡು ಓದಿದ್ದೀನಿ."

"ಅತ್ತೆ, ಸುಮ್ಮನಿರಿ."

"ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು."

ಮೇಷ್ಟ್ರು ನಕ್ಕರು. "ಹನ್ನೊಂದು ವರ್ಷ ಅಸಲಿ ನುಡಿಸಿದ ಕೈ ನಂದು. ಈ ಅಕ್ಷರದ ಬಾಲ ನೋಡಿ, ಈ ತಿರುವು. ನಕಲಿನಲ್ಲಿ ಹಿಂಗೆ ಬರಲ್ಲ."

ಬೋರ್ಡಣ್ಣ ಮೂಲೆಯಲ್ಲಿ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬುತ್ತಿದ್ದ. ದಪ್ಪತಂತಿ ಅವನ ಕಡೆ ತಿರುಗಿದ. "ನೀನಾದ್ರೂ ಹೇಳೋ."

"ಅಸಲಿ" ಎಂದ ಬೋರ್ಡಣ್ಣ. ಆ ಹೊತ್ತಿಗೆ ಅವನಿಗೇ ಹಾಗನ್ನಿಸಿತ್ತು.

ಇನ್ನು ಒಂದೇ ದಾರಿ. ಗಿಟಾರಿನ ಕತ್ತು ಮೈಗೆ ಕೂಡುವಲ್ಲಿ, ಒಳಗೆ, ಅಪ್ಪಣೆಯ ಮುದ್ರೆ ಒತ್ತಿರುತ್ತಾರೆ. ದಪ್ಪತಂತಿ ಜೇಬಿನಿಂದ ಕನ್ನಡಕ ಬಿಚ್ಚುವ ಸ್ಕ್ರೂಡ್ರೈವರ್ ತೆಗೆದ. ಅದು ಮೊದಲನೆಯ ಸ್ಕ್ರೂಗೇ ಬಾಗಿಹೋಯಿತು. ಅತ್ತೆ ಚೀಲದಿಂದ ಒಂದು ಚಮಚ ಕೊಟ್ಟಳು. ತಂತಿ ಸಡಿಲಿಸಿ, ಚಮಚದ ಹಿಡಿಯಿಂದ ತಿರುಗಿಸಿ ತಿರುಗಿಸಿ, ಬೆವರಿ, ನಾಲ್ಕೂ ಸ್ಕ್ರೂ ಬಿಚ್ಚಿದ. ಅವು ಒಂದೊಂದಾಗಿ ಉರುಳಿಕೊಂಡು ಹಲಗೆಯ ಸಂದಿಯಲ್ಲಿ ಇಳಿದವು. ಕೆಳಗೆ ನೀರಿನಲ್ಲಿ ನಾಲ್ಕು ಸಲ ಗುಳುಕ್ ಎಂದಿತು.

ಕತ್ತು ಒಂದು ಕೈಯಲ್ಲಿ, ಮೈ ಒಂದು ಕೈಯಲ್ಲಿ ಹಿಡಿದು, "ನೋಡಿ, ಮುದ್ರೆ" ಎಂದ.

ಮೇಷ್ಟ್ರು ಮುದ್ರೆ ಓದಿದರು. ತಲೆಯ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಹಂಗಾದ್ರೆ ಇದನ್ನ ಬರೆದವರು ಯಾರು?"

ಬೋರ್ಡಣ್ಣ ಕೆಮ್ಮಿದ. ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

"ನೋಡಿ, ದಿನಾ ಮೂರು ಹೊತ್ತು ಕಾರ್ಯಕ್ರಮದ ಬೋರ್ಡು ಬರೆಯೋ ಕೆಲಸಾನೂ ನನ್ನ ತಲೆ ಮೇಲಿದೆ" ಎಂದರು ಮೇಷ್ಟ್ರು. "ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಹೋದ ಸಲ ತಿಂಡಿ ಹೊತ್ತಿಗೆ ಅರವತ್ತು ಜನ ಕುಣಿಯೋಕೆ ಬಂದು ನಿಂತಿದ್ರು. ಹಡಗಲ್ಲಿ ಹೊಸಬರಿಗೆ ಅಂತ ನಂಗೆ ಕೊಟ್ಟಿರೋದು ಒಂದೇ ಹಾಸಿಗೆ, ಒಬ್ಬರನ್ನೇ ಕರ್ಕೊಂಡು ಹೋಗಬಹುದು. ಬಾಸ್ ಆದ್ರೆ ಕೀಬೋರ್ಡಿನವನ ಎಡಗೈ ನೋಡ್ಕೊಳ್ಳತ್ತೆ. ಬೋರ್ಡು ಯಾರು ನೋಡ್ಕೊಳ್ಳೋರು? ಅದೂ ಅಲ್ದೆ..." ಅವರು ದಪ್ಪತಂತಿಯ ಎರಡು ಕೈಗಳನ್ನೂ ನೋಡಿದರು. "ನಿಮ್ಮದು ಈಗ ಎರಡು ತುಂಡಾಗಿದೆ."

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಒಂದೇ ಮಾತಾಡಿದಳು. "ಆ ಚಮಚ ಕೊಡಪ್ಪ. ಹಿಡಿ ಸೊಟ್ಟ ಮಾಡಿದ್ದೀಯ."

ಗುರುವಾರ ಬೆಳಿಗ್ಗೆ ದಪ್ಪತಂತಿ ಕನ್ನಡಕದಂಗಡಿಗೆ ಹೋಗಿ ಯಜಮಾನನೆದುರು ಕೈ ಕಟ್ಟಿ ನಿಂತ. "ಬಂದ್ಯಾ? ಗಾಜು ಅಲ್ಲೇ ಇದೆ" ಎಂದ ಯಜಮಾನ.

ಅದೇ ಬೆಳಿಗ್ಗೆ ಹಡಗು ಹೊರಟಿತು. ಬೋರ್ಡಣ್ಣ ಹೊರಡುವ ಮೊದಲು ಮೇಲ್ಮನೆಗೆ ಬಂದು, ಕುಂಚಗಳಿಗೆ ಉದ್ದನೆಯದೊಂದು ಚೀಲ ಬೇಕಿತ್ತು ಎಂದು ಕೇಳಿದ್ದ; ದಪ್ಪತಂತಿಯ ಹೆಂಡತಿ ಗೂಟದಿಂದ ಗಿಟಾರಿನ ಚೀಲ ತೆಗೆದು ಕೊಟ್ಟಿದ್ದಳು. ಹೀಗೆ ಆ ಬೀದಿಯಿಂದ ಗುರುವಾರ ಹಡಗು ಹತ್ತಿದವರು ಬೋರ್ಡಣ್ಣ ಮತ್ತು ದಪ್ಪತಂತಿಯ ಚೀಲ.