ಅಳತೆ ಪುಸ್ತಕ ಕೊಟ್ಟು ಲಿಂಕ್ ಹಿಡಿದವಳು

ನಂಜನಗೂಡಿನಲ್ಲಿ ಹದಿನೆಂಟು ವರ್ಷ ಬ್ಲೌಸ್ ಹೊಲಿದವಳಿಗೆ ಪ್ರಪಂಚದಲ್ಲಿ ತಿಳಿಯದ ವಿಷಯ ಯಾವುದೂ ಇರುವುದಿಲ್ಲ. ಇದು ನನ್ನ ನಂಬಿಕೆಯಾಗಿತ್ತು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಮುನಿಸು, ಯಾವ ಓರಗಿತ್ತಿಗಿಂತ ಚೆನ್ನಾಗಿ ಕಾಣಬೇಕೆಂದು ಯಾರು ಬೆನ್ನಿನ ಮೇಲೆ ಡಿಸೈನ್ ಕೇಳುತ್ತಾರೆ, ಎಲ್ಲವೂ ನನ್ನ ಹೊಲಿಗೆ ಮಷಿನ್ನಿನ ಮುಂದೆಯೇ ಬಯಲಾಗುತ್ತಿತ್ತು. ಇಂಥ ಅನುಭವಸ್ಥೆ ಆನ್‌ಲೈನ್ ಸಂಪಾದನೆಗೆ ಇಳಿದರೆ ಕೆಡುವುದಕ್ಕೆ ಏನಿದೆ? ಏನೂ ಇಲ್ಲವೆಂದುಕೊಂಡೇ ಇಳಿದೆ.

ಅಕ್ಕಿ ಡಬ್ಬಕ್ಕೆ ಫೋನ್ ಆನಿಸಿ, ಬ್ಲೌಸ್ ಕಟಿಂಗ್ ಮಾಡುವುದನ್ನು ವಿಡಿಯೋ ಹಿಡಿದು, ನನ್ನದೇ ಒಂದು ಚಾನೆಲ್ ಮಾಡಿ ಹಾಕಿದೆ. ಜನ ನೋಡಿದರು! ನೋಡಿದವರು ಕೆಳಗೆ "ಯಾವ ಮಷಿನ್ ಮೇಡಂ, ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಆಗ ನನಗೆ ತಿಳಿದದ್ದು ಈ ಅಫಿಲಿಯೇಟ್ ಎಂಬ ಏರ್ಪಾಡು. ಒಂದು ಆನ್‌ಲೈನ್ ಅಂಗಡಿ ನಮಗೆಂದೇ ಒಂದು ಲಿಂಕ್ ಕೊಡುತ್ತದೆ. ಅದನ್ನು ವಿಡಿಯೋದ ಕೆಳಗೆ ಹಾಕಬೇಕು. ಅದನ್ನು ಒತ್ತಿ ಯಾರಾದರೂ ಮಷಿನ್ನೋ ಕತ್ತರಿಯೋ ಕೊಂಡರೆ ನಮಗೆ ಕಮಿಷನ್ ಬರುತ್ತದೆ. ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದ ನಮ್ಮ ಯಜಮಾನರಿಗೆ ಇದನ್ನೆಲ್ಲ ವಿವರಿಸಿದೆ.

"ಅಂದ್ರೆ ದಲ್ಲಾಳಿ ಕೆಲ್ಸ ಅನ್ನು," ಎಂದರು. "ದನದ್ ಸಂತೇಲಿ ಟವಲ್ ಮುಚ್ಕಂಡು ಬೆರಳ್ ಹಿಡ್ದು ರೇಟ್ ಮಾಡ್ತಾರಲ್ಲ, ಅದು."

"ದಲ್ಲಾಳಿ ಅಲ್ಲ ಕಣ್ರೀ, ಅಫಿಲಿಯೇಟ್!"

"ಹೆಸ್ರು ಯಾವ್ದಾದ್ರೇನು? ಮಾರೋನು ಬ್ಯಾರೆ, ಕೊಳ್ಳೋನು ಬ್ಯಾರೆ, ನಡುವೆ ನೀನು."

ಅಸೂಯೆ ಎಂದುಕೊಂಡೆ. ಎರಡು ತಿಂಗಳಲ್ಲಿ ಕಮಿಷನ್ ಬರತೊಡಗಿತು. ಅದರ ಜೊತೆಗೆ ಕಂಪನಿಯಿಂದ ಒಂದು ಮೇಲ್ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಫೋನು ಕನ್ನಡ ಮಾಡಿ ತೋರಿಸಿತು: "ನಮ್ಮ ಅಮೂಲ್ಯ ಪಾಲುದಾರರೇ". ನಮ್ಮ ಕಡೆ ಪಾಲುದಾರ ಅಂದರೆ ಹೊಲದಲ್ಲಿ ಭಾಗ ಇರುವವನು. ಸಾಮಾನ್ಯ ಮಾತಲ್ಲ! ಅದನ್ನು ಮನೆಯವರಿಗೆ ಮೂರು ಸಲ ಓದಿ ಹೇಳಿದೆ. ಮೂರನೇ ಸಲಕ್ಕೆ ಅವರು ಸ್ನಾನಕ್ಕೆ ಹೋಗಿದ್ದರು.

ಇಷ್ಟರಲ್ಲಿ ದಾರ, ಗುಂಡಿ, ಕತ್ತರಿ ಮಾರುವ ಇನ್ನೊಂದು ಕಂಪನಿಯವರು "ನಮ್ಮ ಲಿಂಕನ್ನೂ ಹಾಕುತ್ತೀರಾ?" ಎಂದು ಬರೆದರು. ನನಗೆ ಮೈಯೆಲ್ಲ ಉರಿಯಿತು. ಒಂದು ಕಡೆ ಪಾಲುದಾರಳಾಗಿ ಇನ್ನೊಂದು ಕಡೆ ಕೈ ಚಾಚುವುದೇ? ಉಂಡ ಮನೆಗೆ ಎರಡು ಬಗೆಯುವ ವಂಶವಲ್ಲ ನಮ್ಮದು. "ನಾನು ಈಗಾಗಲೇ ಒಂದು ಕಂಪನಿಗೆ ಸೇರಿದವಳು. ದಯಮಾಡಿ ಇನ್ನು ಮುಂದೆ ನನಗೆ ಇಂಥ ಪತ್ರ ಬರೆಯಕೂಡದು" ಎಂದು ಖಡಾಖಂಡಿತವಾಗಿ ಉತ್ತರ ಕೊಟ್ಟೆ.

ಯಜಮಾನರು ಅದನ್ನು ಓದಿ, "ಅವ್ರೇನ್ ನಿನ್ನ ಹೆಣ್ ಕೇಳ್ಕಂಡ್ ಬಂದಿದ್ರಾ?" ಎಂದರು.

"ನಿಯತ್ತು ಅನ್ನೋದು ಒಂದಿರುತ್ತೆ ಕಣ್ರೀ."

"ಇರ್ಲಿ. ಒಂದೇ ಹಸ ಕಟ್ಕಂಡು ಡೇರಿಗೆ ಹಾಲ್ ಹಾಕೋನು ದಿನಾ ಅದರ ಮೊಕ ನೋಡ್ಕಂಡೇ ಏಳ್ಬೇಕಾಯ್ತದೆ. ಅದು ಒದ್ದ್ ದಿನ ಏನ್ ಮಾಡೀಯೆ?"

ಒದೆಯುವ ಹಸು ಅಲ್ಲ ಇದು ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ.

ವಿಡಿಯೋ ಮಾಡುವ ಹೊತ್ತಿಗೆ ಸರಿಯಾಗಿ ಗಿರಾಕಿಗಳು ಬಂದು ಬಾಗಿಲು ಬಡಿಯುತ್ತಿದ್ದರು. ಒಬ್ಬರಿಗೆ ತೋಳು ಬಿಗಿ, ಇನ್ನೊಬ್ಬರಿಗೆ ಲೈನಿಂಗ್ ಬಣ್ಣ ಸರಿಯಿಲ್ಲ. ಅಮೂಲ್ಯ ಪಾಲುದಾರಳಾದ ನಾನು ಇನ್ನೂ ಇದನ್ನೆಲ್ಲ ಕೇಳಿಸಿಕೊಳ್ಳಬೇಕೇ? ಹೊಲಿಗೆ ನಿಲ್ಲಿಸಿಬಿಡುವುದೆಂದು ತೀರ್ಮಾನಿಸಿದೆ. ಬಂದವರಿಗೆಲ್ಲ "ಸುಮಾ ಹತ್ರ ಹೋಗಿ" ಎಂದೆ. ಸುಮಾ ದೇವನೂರಿನವಳು, ನನ್ನ ಹತ್ತಿರವೇ ಹೊಲಿಗೆ ಕಲಿತವಳು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿ ಹಾಕಿಕೊಂಡಿದ್ದಳು. ಗಿರಾಕಿಗಳನ್ನು ಕಳಿಸಿದ್ದಲ್ಲದೆ ಒಂದು ದಿನ ನಾನೇ ಹೋಗಿ ನನ್ನ ಅಳತೆ ಪುಸ್ತಕವನ್ನೂ ಅವಳ ಕೈಗಿತ್ತೆ.

ಟೈಲರ್ ಅಲ್ಲದವರಿಗೆ ಇದರ ಅರ್ಥ ಆಗಲಿಕ್ಕಿಲ್ಲ. ಅರ್ಧ ಊರಿನ ಹೆಂಗಸರ ಎದೆ, ಸೊಂಟ, ತೋಳು, ಕತ್ತಿನ ಅಳತೆಯೆಲ್ಲ ಅದರಲ್ಲಿತ್ತು. ಪಕ್ಕದಲ್ಲಿ ನನ್ನ ಟಿಪ್ಪಣಿ: "ಎಡಭುಜ ಅರ್ಧ ಇಂಚು ತಗ್ಗು, ಅವರಿಗೆ ಹೇಳಬಾರದು." "ಬಿಗಿ ಬೇಕು ಅಂತಾರೆ, ಆಮೇಲೆ ಬೈತಾರೆ. ಸಡಿಲವೇ ಹೊಲಿ." "ಬೆನ್ನಿನ ಕತ್ತು ನಾದಿನಿಯದಕ್ಕಿಂತ ಒಂದು ಬೆರಳು ಇಳಿಸು." ಆ ಪುಸ್ತಕ ಯಾರ ಕೈಯಲ್ಲಿದೆಯೋ ಗಿರಾಕಿ ಅವರ ಬಾಗಿಲಿಗೆ. ಅದು ನನ್ನ ಹದಿನೆಂಟು ವರ್ಷದ ಹೊಟ್ಟೆಪಾಡು.

"ಬ್ಯಾಡ ಅಕ್ಕ, ಇಟ್ಕಳಿ," ಎಂದಳು ಸುಮಾ. "ನಾಳೆ ದಿನ ನಿಮ್ಗೇ ಬೇಕಾಯ್ತದೆ."

"ನನಗಿನ್ನು ಇದೆಲ್ಲ ಯಾಕಮ್ಮ?" ಎಂದೆ. ಮಠ ಸೇರಲು ಹೊರಟವರ ಧ್ವನಿಯಲ್ಲಿ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ, ಮುಂದಿನ ತಿಂಗಳಿಂದ ಕಮಿಷನ್ ಅರ್ಧಕ್ಕೆ ಇಳಿಯುತ್ತದೆ ಎಂದು ಒಂದೇ ಸಾಲಿನ ಮೇಲ್ ಬಂತು. ಪಾಲುದಾರಳನ್ನು ಒಂದು ಮಾತೂ ಕೇಳಿರಲಿಲ್ಲ! ನನಗೆ ಕೋಪ ಬರಬೇಕಿತ್ತು. ಬಂದದ್ದು ಹಟ. ಅರ್ಧವಾದರೆ ಎರಡರಷ್ಟು ಮಾರಿದರಾಯಿತು, ಅದಕ್ಕೇನು ಎಂದುಕೊಂಡೆ.

ಅದೇ ವಾರ ತಿ. ನರಸೀಪುರದಲ್ಲಿ ನನ್ನ ತಮ್ಮನ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ನೆಂಟರೆಲ್ಲ ಸೇರಿದ್ದರು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ನಾನು ಒಬ್ಬೊಬ್ಬರ ಫೋನ್ ಇಸಿದುಕೊಂಡು ನನ್ನ ಲಿಂಕ್ ಕಳಿಸಿಕೊಟ್ಟೆ. ನಮ್ಮವರದೇ ಅಂಗಡಿ ಇರುವಾಗ ಬೇರೆಯವರ ಅಂಗಡಿಯ ಮೆಟ್ಟಿಲು ಹತ್ತುವವರು ನಮ್ಮಲ್ಲಿಲ್ಲ. ಮನೆಯಲ್ಲಿ ಎರಡು ಕತ್ತರಿ ಇದ್ದ ತಮ್ಮನ ಹೆಂಡತಿ ಇನ್ನೂ ಮೂರು ತರಿಸಿದಳು. ಗುಂಡಿ ಬಿದ್ದರೆ ಹಾಕಿಕೊಳ್ಳಲು ಬಾರದ ನಮ್ಮ ಚಿಕ್ಕಪ್ಪ ಇಸ್ತ್ರಿ ಪೆಟ್ಟಿಗೆ ತರಿಸಿದರು. ಹದಿನಾರು ಗ್ರಾಮದಿಂದ ಬಂದಿದ್ದ ದೊಡ್ಡವ್ವ, ಎದುರಿಗೆ ನಿಂತವರು ಯಾರೆಂದು ಧ್ವನಿ ಕೇಳಿಯೇ ಹೇಳುವಾಕೆ, "ನಂಗೂ ಒಂದು ಮಿಸನ್ನು ಬರಿಸ್ಲಾ" ಎಂದು ಮಗನಿಗೆ ಅಪ್ಪಣೆ ಮಾಡಿದಳು.

"ದೊಡ್ಡವ್ವ, ನೀನು ಹೊಲೀತೀಯಾ?" ಎಂದೆ.

"ಒಲಿಯೋದೇನ್ ಬಂತು ಕೂಸು? ಮೂಲೇಲಿ ಇರ್ತದೆ. ನಿಂಗೆ ಒಳ್ಳೇದಾಗ್ಲಿ."

ನನ್ನ ಕಣ್ಣು ಒದ್ದೆಯಾಯಿತು. ಆದರೂ ಬೇಡ ಎನ್ನಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹತ್ತು ದಿನದ ಮೇಲೆ ಕಂಪನಿಯಿಂದ ಮತ್ತೆ ಮೇಲ್ ಬಂತು: "ಈಚೆಗೆ ನಿಮ್ಮ ಲಿಂಕಿನಿಂದ ಕೊಂಡವರು ನಿಮಗೆ ಸಂಬಂಧಿಕರೇ ಅಥವಾ ಪರಿಚಿತರೇ? ದಯವಿಟ್ಟು ವಿವರಿಸಿ."

ನನಗಾದ ಆನಂದ ಅಷ್ಟಿಷ್ಟಲ್ಲ! ಇಷ್ಟು ದಿನಕ್ಕೆ ಇವರು ಮನೆ ಕಡೆಯ ವಿಚಾರ ಕೇಳಿದರಲ್ಲ! ನಮ್ಮ ಕಡೆ ಬಾಡಿಗೆಗೆ ಮನೆ ಕೊಡುವಾಗಲೂ, ಹೆಣ್ಣು ಕೊಡುವಾಗಲೂ, ಸಂಘದಲ್ಲಿ ಸಾಲ ಕೊಡುವಾಗಲೂ ಮೊದಲು ಕೇಳುವುದು "ಗುರ್ತಿನೋರಾ?" ಎಂದೇ. ಗುರುತಿನವರೆಂದರೆ ಮುಗಿಯಿತು, ಅದಕ್ಕಿಂತ ದೊಡ್ಡ ಜಾಮೀನಿಲ್ಲ. ಕಂಪನಿಯವರಿಗೆ ನನ್ನ ಗಿರಾಕಿಗಳ ಮೇಲೆ ಅನುಮಾನ ಬಂದಿರಬೇಕು, ಪರಿಹರಿಸಿಬಿಡೋಣ ಎಂದು ಕೂತು ಬರೆದೆ.

"ಮೊದಲನೆಯವನು ನನ್ನ ಒಡಹುಟ್ಟಿದ ತಮ್ಮ. ಎರಡನೆಯವಳು ಅವನ ಹೆಂಡತಿ, ನಮ್ಮ ಸೋದರಮಾವನ ಮಗಳೂ ಹೌದು. ಮೂರನೆಯವರು ನಮ್ಮ ತಂದೆಯ ಖಾಸಾ ತಮ್ಮ. ನಾಲ್ಕನೆಯವರು ನನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮ..." ಹೀಗೆ ಹನ್ನೊಂದು ಜನರ ವಂಶಾವಳಿ ಕೊಟ್ಟು, ಕೊನೆಗೆ "ತಾವು ಯಾವ ಅನುಮಾನವನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ಇವರಲ್ಲಿ ಒಬ್ಬರೂ ಹೊರಗಿನವರಲ್ಲ. ನಾನು ಕೇಳಿದ್ದಕ್ಕೇ ಕೊಂಡಿದ್ದಾರೆ" ಎಂದು ಮುಗಿಸಿದೆ. ಫೋನು ಅದನ್ನೆಲ್ಲ ಇಂಗ್ಲಿಷ್ ಮಾಡಿ ಕಳಿಸಿತು. ಒಂದು ಸಂಬಂಧವನ್ನೂ ಬಿಡಲಿಲ್ಲ.

ಮಾರನೆಯ ದಿನವೇ ಉತ್ತರ ಬಂತು. ಸಂಬಂಧಿಕರಿಂದ ಕೊಳ್ಳಿಸುವುದು ನಿಯಮಕ್ಕೆ ವಿರುದ್ಧವಂತೆ. ನಾನೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ಹೆಚ್ಚಿನ ವಿಚಾರಣೆಯ ಅಗತ್ಯವಿಲ್ಲವಂತೆ. ನನ್ನ ಖಾತೆ ಮುಚ್ಚಲಾಗಿದೆ, ಬರಬೇಕಾದ ಕಮಿಷನ್ನೂ ಇಲ್ಲ. ಆ ನಿಯಮಕ್ಕೆ ನಾನು ಸೇರುವಾಗಲೇ ಒಪ್ಪಿದ್ದೆನಂತೆ. ಒಪ್ಪಿದ್ದು ನಿಜ. ಓದಿರಲಿಲ್ಲ.

ಜಗಳಕ್ಕೆ ಹೊರಟೆ. ಜಗಳವಾಡಲು ಒಂದು ಬಾಗಿಲಾದರೂ ಬೇಡವೇ? ತಾಲ್ಲೂಕು ಕಚೇರಿಯಲ್ಲಾದರೆ ಕೊನೆಗೆ ಜವಾನನಾದರೂ ಸಿಕ್ಕಿ "ನಾಳೆ ಬನ್ನಿ" ಎನ್ನುತ್ತಾನೆ. ಇಲ್ಲಿ ನಾಳೆ ಬನ್ನಿ ಎನ್ನುವವರೂ ಇಲ್ಲ. ಇನ್ನೂರು ಚಿಲ್ಲರೆ ವಿಡಿಯೋಗಳ ಕೆಳಗೆ ನಾನು ಹಾಕಿದ್ದ ಅಷ್ಟೂ ಲಿಂಕುಗಳು ಆ ಒಂದೇ ಕಂಪನಿಯವು. ಒಂದೇ ಏಟಿಗೆ ಎಲ್ಲವೂ ಸತ್ತವು. ಕಟಿಂಗ್ ಕಲಿಯುವವರು ಮಾತ್ರ ಕಲಿಯುತ್ತಲೇ ಇದ್ದರು, ಪುಕ್ಕಟೆಯಾಗಿ.

ಆಗ ದಾರ ಗುಂಡಿಯ ಕಂಪನಿ ಜ್ಞಾಪಕಕ್ಕೆ ಬಂತು. ಬಹಳ ವಿನಯದಿಂದ, "ತಮ್ಮ ಹಿಂದಿನ ಪತ್ರವನ್ನು ಸಹೃದಯತೆಯಿಂದ ಪರಿಶೀಲಿಸಿದ್ದೇನೆ" ಎಂದು ಬರೆದೆ. "ಇನ್ನು ಮುಂದೆ ಪತ್ರ ಬರೆಯಕೂಡದೆಂಬ ತಮ್ಮ ಕೋರಿಕೆಯ ಮೇರೆಗೆ ತಮ್ಮ ಹೆಸರನ್ನು ಪಟ್ಟಿಯಿಂದ ಶಾಶ್ವತವಾಗಿ ತೆಗೆದುಹಾಕಲಾಗಿದೆ" ಎಂದು ಅಷ್ಟೇ ವಿನಯದಿಂದ ಉತ್ತರ ಬಂತು.

ಯಜಮಾನರು "ನಾನ್ ಯೋಳಿರ್ನಿಲ್ವಾ?" ಎಂದಿದ್ದರೆ ಚೆನ್ನಾಗಿ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಕಾಫಿ ಮಾಡಿ ತಂದುಕೊಟ್ಟರು. ಮದುವೆಯಾದಾಗಿನಿಂದ ಅವರು ಕಾಫಿ ಮಾಡಿದವರಲ್ಲ. ಪರಿಸ್ಥಿತಿ ಎಷ್ಟು ಕೆಟ್ಟಿದೆಯೆಂದು ನನಗೆ ಗೊತ್ತಾದದ್ದು ಆವಾಗ.

ದೊಡ್ಡವ್ವನ ಮಷಿನ್ನನ್ನಾದರೂ ವಾಪಸು ಕಳಿಸೋಣವೆಂದು ಹದಿನಾರಿಗೆ ಹೋದೆ. ಅದು ನಡುಮನೆಯ ಮೂಲೆಯಲ್ಲಿ ಕೂತಿತ್ತು. ಅರಿಶಿನ ಕುಂಕುಮ ಹಚ್ಚಿ, ಒಂದು ಹಳೆಯ ರೇಷ್ಮೆ ಸೀರೆಯ ತುಂಡು ಹೊದಿಸಿದ್ದಳು.

"ನಿಂಗ್ ಬರ್ಬೇಕಾದ್ದು ಬಂತಾ ಕೂಸು?" ಎಂದು ನನ್ನ ಕೈ ಹಿಡಿದುಕೊಂಡು ಕೇಳಿದಳು.

"ಬಂತು ದೊಡ್ಡವ್ವ," ಎಂದೆ.

ಅವಳ ಮುಖ ಅರಳಿತು. ವಾಪಸು ಕಳಿಸುವ ಮಾತು ಬಿಟ್ಟುಬಿಟ್ಟೆ. ಊಟ ಮಾಡಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ.

ಇನ್ನು ಉಳಿದದ್ದು ಹೊಲಿಗೆಯೊಂದೇ. ಮನೆಯ ಮುಂದೆ ಬೋರ್ಡು ಮತ್ತೆ ಹಾಕಿದೆ. ಒಬ್ಬರೂ ಬರಲಿಲ್ಲ. ಎಲ್ಲರನ್ನೂ ನಾನೇ ಬೇರೆ ಬಾಗಿಲಿಗೆ ಕಳಿಸಿದ್ದೆನಲ್ಲ! ಕೊನೆಗೆ ಮಾನ ಮರ್ಯಾದೆಯನ್ನು ಮನೆಯಲ್ಲಿಟ್ಟು ಸುಮಾಳ ಅಂಗಡಿಗೆ ಹೋದೆ. ಸಣ್ಣ ಅಂಗಡಿ ಈಗ ಸಣ್ಣದಾಗಿರಲಿಲ್ಲ, ಮೂರು ಮಷಿನ್ ಓಡುತ್ತಿದ್ದವು. ಅಳತೆ ಪುಸ್ತಕ ಕೇಳಲು ಹೇಗೆ ಬಾಯಿ ತೆರೆಯುವುದೆಂದು ಒದ್ದಾಡುತ್ತಿದ್ದರೆ, ಅವಳೇ ಮೇಜಿನ ಕೆಳಗಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು.

"ತಕಳಿ ಅಕ್ಕ, ನಿಮ್ ಪುಸ್ತಕ. ಜೋಪಾನಾಗ್ ಮಡಗಿವ್ನಿ."

ಎದೆಗೆ ಅವಚಿಕೊಂಡೆ. ನನ್ನ ಸಂಸಾರ ಮತ್ತೆ ನನ್ನ ಕೈಗೆ ಬಂತು!

"ಆದ್ರೆ ಅದ್ರಲ್ಲಿರೋ ಅಳ್ತೆ ಈಗ ಬರಾಕಿಲ್ಲ ಅಕ್ಕ," ಎಂದಳು ಸುಮಾ, ಸಂಕೋಚದಿಂದ. "ಎಲ್ರೂ ಒಂದೊಂದ್ ಇಂಚು ಹೆಚ್ಕಂಡವ್ರೆ. ನಾನ್ ಎಲ್ರುದೂ ಹೊಸ್ದಾಗ್ ತಗಂಡು ಫೋನ್‌ಗೆ ಹಾಕ್ಕಂಡಿವ್ನಿ."

ನನ್ನ ಕೈಯಲ್ಲಿದ್ದದ್ದು ನಂಜನಗೂಡಿನ ಹೆಂಗಸರ ಪ್ರಾಚೀನ ಇತಿಹಾಸ. ಅದನ್ನು ಹಿಡಿದುಕೊಂಡು ಹೊರಡಲು ಎದ್ದೆ.

"ಅಕ್ಕ, ಬೇಜಾರ್ ಮಾಡ್ಕಬ್ಯಾಡಿ. ಮದ್ವೆ ಕೆಲ್ಸ ತುಂಬ್ಕಂಡದೆ. ಹುಕ್ಕು, ಹೆಮ್ಮಿಂಗು ಮಾಡೋರೇ ಇಲ್ಲ. ನಿಮ್ಗೆ ಕೇಳಾಕೂ ನಾಚ್ಕೆ ಆಯ್ತದೆ..."

ಕಲಿಸಿದ ಗುರುವಿಗೆ ಹುಕ್ಕು ಹಾಕಿ ಅಂಚು ಮಡಿಸುವ ಕೆಲಸ! ಕಲಿಯಲು ಬಂದವರಿಗೆ ಮೊದಲನೇ ವಾರ ಕೊಡುವಂಥದ್ದು. ನಾನು ಗಂಭೀರವಾಗಿ, "ಯೋಚನೆ ಮಾಡಿ ಹೇಳ್ತೀನಮ್ಮ" ಎಂದು ಹೊಸ್ತಿಲವರೆಗೆ ಹೋದೆ. ಹೊಸ್ತಿಲ ಹತ್ತಿರ ನಿಂತೆ. ತಿರುಗಿ ಬಂದೆ.

"ಯೋಚನೆ ಮಾಡಿದೆ," ಎಂದೆ.

ಸುಮಾ ನಗಲಿಲ್ಲ. ಅದು ಅವಳ ದೊಡ್ಡತನ. ಒಂದು ಚಾಪೆ ಹಾಸಿ, ಸೂಜಿ ದಾರ, ಹುಕ್ಕಿನ ಡಬ್ಬಿ, ಒಂದು ರಾಶಿ ಬ್ಲೌಸು ಮುಂದಿಟ್ಟಳು. ಕೈ ಎರಡು ವರ್ಷದಿಂದ ಕ್ಯಾಮೆರಾ ಮುಂದೆ ಸನ್ನೆ ಮಾಡಿ ಅಭ್ಯಾಸವಾಗಿತ್ತು. ಸೂಜಿಗೆ ದಾರ ಪೋಣಿಸಲೇ ಬಹಳ ಹೊತ್ತು ಹಿಡಿಯಿತು. ಮೊದಲನೇ ಬ್ಲೌಸ್ ಮುಗಿಸಿ, ಕೆಲಸ ಅಂದರೆ ಹೀಗಿರಬೇಕು ಎಂಬಂತೆ ಅವಳ ಮುಂದೆ ಹಿಡಿದೆ. ಅವಳು ಬೆಳಕಿಗೆ ಹಿಡಿದು ನೋಡಿ, ಬಹಳ ಮೆಲ್ಲಗೆ ಹೇಳಿದಳು:

"ಅಕ್ಕ, ಈ ಮೇಗ್ಲು ಹುಕ್ಕು ವಸಿ ಸಡಿಲ ಆಗದೆ. ಬಿಚ್ಬುಟ್ಟು ಇನ್ನೊಂದ್ ಸಲ ಹಾಕ್ಬುಡಿ."

ನನಗೆ ರೇಗಿಹೋಯಿತು. ನಾನು ಕಲಿಸಿದ ಕೆಲಸದಲ್ಲಿ ನನಗೇ ತಪ್ಪು ಹೇಳುವುದೇ! ತೋರಿಸಿಬಿಡೋಣವೆಂದು ಅವಳ ಕೈಯಿಂದ ಬ್ಲೌಸ್ ಕಸಿದುಕೊಂಡು ಆ ಹುಕ್ಕನ್ನು ಗಟ್ಟಿಯಾಗಿ ಎಳೆದೆ.

ಕೈಗೇ ಬಂತು.