ಮಾವನ ರಟ್ಟಿನ ಪರೀಕ್ಷೆ

ಪುಸ್ತಕ ಓದಿದ್ದೇನೆ ಎಂದವರನ್ನು ಕಂಡರೆ ನನ್ನ ಸೋದರಮಾವ ಥೇಟ್ ಪೊಲೀಸರಾಗಿಬಿಡುತ್ತಿದ್ದರು! ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ಟಿಳಕವಾಡಿಯ ಮನೆಯಲ್ಲಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ನಮ್ಮೂರು ಖಾನಾಪುರದ ಕುಂಬಾರಿಕೆಯ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ಹಿಂದಿನವರು ಏನೇನು ಬರೆದಿದ್ದಾರೆಂಬ ಸಮೀಕ್ಷೆಯ ಅಧ್ಯಾಯಕ್ಕೆ ಆರು ತಿಂಗಳೊಳಗೆ ಗೈಡ್ ಸಹಿ ಬೀಳದಿದ್ದರೆ ನೋಂದಣಿ ರದ್ದು. ಅರವತ್ತು ಪುಸ್ತಕಗಳ ಪಟ್ಟಿ ಹಿಡಿದು ಮಾವನ ಮುಂದೆ ಕೂತೆ. ಹೆಚ್ಚಿನವು ಬೇರೆಯವರ ಪ್ರಬಂಧದ ಕೊನೆಯ ಪುಟಗಳಿಂದ ಎತ್ತಿಕೊಂಡ ಹೆಸರುಗಳು. ಸುಳ್ಳೇಕೆ ಹೇಳಲಿ?

“ಏಳನೇದು. ರಟ್ಟಿನ ಬಣ್ಣ ಯಾವುದು?”

“ಕೆಂಪು, ಮಾವಾ.”

“ಈ ಊರಾಗ ಇರೂದು ಅದೊಂದ ಪ್ರತಿ. ಅದಕ್ಕ ರಟ್ಟ ಇಲ್ಲ! ಕಿತ್ತು ಹತ್ತು ವರ್ಷ ಆತು.”

“ಕೂಸು ಈಗ ಬಸ್ಸಿಳಿದು ಬಂದೈತಿ, ನೀರರೆ ಕುಡೀಲಿ ಬಿಡ್ರಿ,” ಎಂದರು ಒಳಗಿನಿಂದ ಅತ್ತೆ.

“ಕುಡೀಲಿ. ನೀರು ಖರೇ ಕುಡದ್ಲಂತ ಕಣ್ಣಿಗೆ ಕಾಣತೈತಿ.”

ಸಂಜೆಯೊಳಗೆ ನಲವತ್ಮೂರು ಹೆಸರು ಹೊಡೆದು ಹಾಕಿದರು. “ಕುಂಬಾರರ ಕೈ ನೋಡಿ ಬರದವರು ಈ ಹದಿನೇಳು ಮಂದಿ. ಉಳದವರು ಒಬ್ಬರದು ನೋಡಿ ಇನ್ನೊಬ್ಬರು ಬರದಾರ, ನಿನ್ನಂಗ!”

ಅಲ್ಲಿಂದ ಪ್ರತಿ ಭಾನುವಾರ ಪರೀಕ್ಷೆ. ಓದಿದ್ದನ್ನು ಅತ್ತೆ ರೊಟ್ಟಿ ಬಡಿಯುವಾಗ ಹೇಳಬೇಕು. ಅವರಿಗೆ ತಿಳಿಯದಿದ್ದರೆ ಅದೇ ಪುಸ್ತಕದೊಂದಿಗೆ ಖಾನಾಪುರಕ್ಕೆ ವಾಪಸ್. ಒಮ್ಮೆ ಗತ್ತಿನಿಂದ “ಸಾಂಸ್ಕೃತಿಕ ಸಂರಚನೆ” ಎಂದೆ. ಅತ್ತೆಯ ಕೈ ನಿಂತಿತು.

“ಅಂದ್ರ, ಗಡಗಿ ಸೋರತೈತೋ ಇಲ್ಲೋ?”

ಮಾವ ಬಸ್ಸಿನ ವೇಳೆ ಹೇಳಿದರು!

ಗಡುವಿನ ಕೊನೆಯ ದಿನ ಹಿಂದವಾಡಿಯ ಗೈಡ್ ಮನೆಗೆ ಮಾವನೂ ಬಂದರು. ಗೈಡ್ ಪುಟ ತಿರುವಿದರು.

“ಮಂದಿ ನೂರು ಪುಸ್ತಕ ಹಾಕ್ತಾರ. ನಿಂದು ಬರೇ ಹದಿನೇಳು? ಇವನ್ನರ ಓದೀದಿ ಅನ್ನಾಕ ಏನು ಆಧಾರ?”

ಸಹಿಯಿಲ್ಲದೆ ಎದ್ದು ಬಂದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

“ನಾ ಸಾಕ್ಷಿ ಅದೀನ್ರಿ,” ಎಂದರು ಬಾಗಿಲ ಬಳಿ ಕೂತಿದ್ದ ಮಾವ.

“ನಿಮಗ ಹೆಂಗ ಗೊತ್ರಿ?”

ಮಾವ ನೆಲ ನೋಡಿದರು. “ಮದಲು ನಾ ಬರೇ ಮುನ್ನುಡಿ ನೋಡಿ ಆರಿಸಿದ್ನಿರಿ. ಆಕಿ ಓದಿ ತಂದಿಟ್ಟ ಮ್ಯಾಲೆ ಒಂದೊಂದೂ ನಾನೂ ಓದೀನ್ರಿ. ಕೆಲವು ಎರಡೆರಡು ಸಲ ಓದಬೇಕಾತು. ವಯಸ್ಸಾತಲ್ರಿ, ತಲಿಗೆ ಜಲ್ದಿ ಹೋಗಂಗಿಲ್ಲ.”

ಹದಿನೇಳೂ! ನನಗೆ ಗೊತ್ತೇ ಇರಲಿಲ್ಲ.

ಗೈಡ್ ಸಹಿಗೆಂದು ಪೆನ್ನಿನ ಮುಚ್ಚಳ ತೆಗೆದರು. ಮಾವ ಮಾತ್ರ, ಕದ್ದು ಸಿಕ್ಕಿಬಿದ್ದವರ ಹಾಗೆ, ನನ್ನ ಕಡೆ ನೋಡದೆ ಕಿಟಕಿಯತ್ತ ಮುಖ ತಿರುಗಿಸಿ ಕೂತಿದ್ದರು.